ಒಂದೇ ಸಲ ಕರೆದದ್ದು

ಗುಂಡಿ ಒತ್ತಿದಳು. ಗಂಟೆ ಹೊಡೆಯಿತು. ಆರಿಸಿ, ತುಸು ಹೊತ್ತು ಬಿಟ್ಟು ಮತ್ತೆ ಒತ್ತಿದಳು. ಮತ್ತೆ ಹೊಡೆಯಿತು.

"ಸಾಕು ಮಾಡೇ ತಾಯಿ," ಎಂದಳು ವರ್ಕ್‌ಶಾಪಿನ ಎದುರು ಮೇಜಿನಲ್ಲಿ ತಂತಿ ಬೆಸೆಯುವ ಸೋಲ್ಡರಕ್ಕ, ಕಾದ ಕಡ್ಡಿಯನ್ನು ಒದ್ದೆ ಸ್ಪಂಜಿಗೆ ಒತ್ತಿ ಚುಂಯ್ ಎನ್ನಿಸುತ್ತಾ. "ಬೆಳಗಿಂದ ಕೇಳಿ ಕೇಳಿ ನನ್ನ ತಲೆಯೊಳಗೇ ಗಂಟೆ ಕಟ್ಟಿದ ಹಾಗಾಗಿದೆ. ಸರಿಯಾಗೇ ಹೊಡೀತಿದೆಯಲ್ಲ, ಇನ್ನೇನು ಬೇಕು ನಿಂಗೆ?"

"ಹೊಡೀದೆ ಇರೋದು ಬೇಕು."

"ಒಳ್ಳೆ ಕತೆ! ಕೆಟ್ಟದ್ದನ್ನ ಸರಿಮಾಡೋರನ್ನ ನೋಡಿದೀನಿ. ಸರಿಯಿರೋದನ್ನ ಕೆಡಿಸೋಕೆ ಹಟ ಹಿಡಿದು ಕೂತೋಳನ್ನ ಈಗಲೇ ನೋಡ್ತಿರೋದು."

ಮೇಜಿನ ಮೇಲೆ ಅಂಗೈಯಗಲದ ಹಸಿರು ಬೋರ್ಡು, ಅದರ ನಡುವೆ ಉಗುರಿನಷ್ಟು ದೊಡ್ಡ ಕಪ್ಪು ಚಿಪ್. ಬೋರ್ಡಿನಿಂದ ಹೊರಟ ಉದ್ದುದ್ದ ತಂತಿಗಳ ತುದಿಯಲ್ಲಿ ಒಂದೊಂದು ಗುಂಡಿ, ಗುಂಡಿಗೊಂದು ಹಾಸಿಗೆಯ ಸಂಖ್ಯೆ. ನರ್ಸಿಂಗ್ ಹೋಮಿನಲ್ಲಿ ಈ ಗುಂಡಿಗಳು ರೋಗಿಗಳ ದಿಂಬಿನ ಪಕ್ಕ ಇರುತ್ತವೆ. ಒತ್ತಿದರೆ ವಾರ್ಡಿನ ಬಾಗಿಲ ಮೇಲೆ ಗಂಟೆ ಹೊಡೆದು, ಹಾಸಿಗೆಯ ಸಂಖ್ಯೆ ಕೆಂಪಗೆ ಹತ್ತಿಕೊಳ್ಳುತ್ತದೆ. ಯಾರಾದರೂ ಹೋಗಿ ಹಾಸಿಗೆಯ ಬಳಿಯ ಇನ್ನೊಂದು ಗುಂಡಿ ಒತ್ತುವವರೆಗೆ ಬಾಯಿ ಮುಚ್ಚುವುದಿಲ್ಲ. ಇದನ್ನು ಮಾಡಿದವನು ಅವಳ ಗಂಡ. ಅವನು ಹೋಗಿ ಒಂದು ವರ್ಷವಾಗಿತ್ತು.

ಬಾಗಿಲ ಬಳಿಯ ಸ್ಟೂಲಿನ ಮೇಲೆ ಆಯಾ ಕೂತಿದ್ದಳು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಗಳಿಗೆಯಲ್ಲಾದರೂ ಎದ್ದು ಹೋಗು ಎನ್ನಬಹುದೆಂಬಂತೆ ಸ್ಟೂಲಿನ ಅರ್ಧಕ್ಕಷ್ಟೇ ಕೂತಿದ್ದಳು. ನರ್ಸಿಂಗ್ ಹೋಮಿನವರು ಅವಳಿಗೆ ಸದ್ಯ ಕೆಲಸಕ್ಕೆ ಬರಬೇಡ ಎಂದಿದ್ದರು. ನಾಲ್ಕನೇ ಹಾಸಿಗೆಯ ಮುದುಕ ಮೊನ್ನೆ ಬೆಳಿಗ್ಗೆ ಗುಂಡಿ ಒತ್ತಿದ್ದ. ಒತ್ತಿದ್ದು ನಿಜವೆಂದು ಯಂತ್ರದ ನೆನಪಿನಲ್ಲೇ ದಾಖಲಾಗಿತ್ತು. ಯಾರೂ ಹೋಗಿರಲಿಲ್ಲ. ಹೋಗುವ ಹೊತ್ತಿಗೆ ಮುದುಕ ಮುಗಿದಿದ್ದ. ಆ ಹೊತ್ತಿನಲ್ಲಿ ವಾರ್ಡಿನಲ್ಲಿದ್ದವಳು ಇವಳೊಬ್ಬಳೇ.

"ನಿಮ್ಮ ಯಂತ್ರ ಸುಳ್ಳು ಹೇಳುತ್ತಾ ಮೇಡಮ್ಮ?" ಎಂದು ಆಯಾ ಕೇಳಿದಳು. ಜಗಳದ ದನಿಯಲ್ಲ. ಅಂಗಡಿಯಲ್ಲಿ ಹಾಲು ಇದೆಯಾ ಎಂದು ಕೇಳಿದ ಹಾಗೆ.

"ಸುಳ್ಳು ಹೇಳೋಕೆ ಬರಲ್ಲ ಅದಕ್ಕೆ."

"ಹಾಗಾದ್ರೆ ನಾನೇ ಹೇಳ್ತಿರೋದು ಅಂತಾಯ್ತು."

"ನಾನು ಹಾಗಂದೆನಾ?"

"ನೀವು ಅನ್ನಲಿಲ್ಲ. ಅಲ್ಲಿರೋರೆಲ್ಲ ಅಂದ್ರು. ನಿದ್ದೆ ಹೊಡೆದಿದಾಳೆ ಅಂತ." ಆಯಾ ಚೀಲದ ಹಿಡಿಯನ್ನು ಬೆರಳಿಗೆ ಸುತ್ತಿಕೊಂಡಳು. "ಡ್ಯೂಟಿಲಿ ನಿದ್ದೆ ಮಾಡಿ ಬೈಸಿಕೊಂಡಿದೀನಿ, ಇಲ್ಲ ಅನ್ನಲ್ಲ. ಆವತ್ತು ಮಾಡಿರ್ಲಿಲ್ಲ. ಹನ್ನೊಂದನೇ ಹಾಸಿಗೆಯೋರು ಗಂಟೆ ಒತ್ತಿದ್ರು, ಹೋಗಿ ನೀರು ಕೊಟ್ಟೆ, ಬಂದು ಆಗಷ್ಟೇ ಕೂತೆ. ಗಂಟೆ ಕೆಳಗೇ ಕೂತಿದ್ದೆ. ಹೊಡೆದಿದ್ರೆ ನನ್ನ ಕಿವಿ ಏನು ಬಾಡಿಗೆಗೆ ಕೊಟ್ಟಿದ್ನಾ?"

ಸೋಲ್ಡರಕ್ಕ ಕಿಸಕ್ಕನೆ ನಕ್ಕು, ನಗಬಾರದಿತ್ತೆಂದು ತಲೆ ಬಗ್ಗಿಸಿದಳು.

"ಆಮೇಲೆ ನಾಲ್ಕನೇದು ಯಾವಾಗ ಗೊತ್ತಾಯ್ತು?" ಎಂದು ಬೋರ್ಡಿನ ಮುಂದಿದ್ದವಳು ಕೇಳಿದಳು.

"ಏಳನೇದು ಹೊಡೀತಲ್ಲ, ಆಗ. ತಲೆ ಎತ್ತಿ ನೋಡ್ತೀನಿ, ಏಳೂ ಹತ್ತಿದೆ, ನಾಲ್ಕೂ ಹತ್ತಿದೆ. ಏಳು ಹತ್ತಿರ, ಅಲ್ಲಿಗೆ ಮೊದಲು ಹೋದೆ. ಅದೊಂದು ನನ್ನ ತಪ್ಪು ಅಂತ ಬೇಕಾದ್ರೆ ಬರ್ಕೊಳ್ಳಿ."

ಅವಳ ಬೆರಳು ಗುಂಡಿಯ ಮೇಲೇ ನಿಂತಿತು. "ಎರಡೂ ಒಟ್ಟಿಗೇ ಹತ್ತಿತಾ?"

"ಜೋಡಿಯಾಗಿ. ಮ್ಯಾನೇಜರ್ ಹತ್ರನೂ ಹೇಳ್ದೆ. ಕತೆ ಕಟ್ಟಬೇಡ ಅಂದ್ರು."

"ಮನೆಗೆ ಹೋಗಿ," ಎಂದಳು ಅವಳು. "ನಾಳೆ ನಿಮ್ಮ ಮ್ಯಾನೇಜರ್ ಹತ್ರ ಮಾತಾಡೋಕಿದೆಯಲ್ಲ, ಅಲ್ಲಿಗೆ ಬನ್ನಿ."

ಆಯಾ ಎದ್ದು ಮೆಟ್ಟಿಲಿಳಿದು ಹೋದಳು.

ಯಂತ್ರಕ್ಕೆ ಕೆಲಸ ಹೇಳುವುದರಲ್ಲಿ ಎರಡು ಬಗೆ ಎಂದು ಅವಳ ಗಂಡ ಹೇಳುತ್ತಿದ್ದ. ಒಂದು, ಹಾಸಿಗೆಯಿಂದ ಹಾಸಿಗೆಗೆ ಓಡಾಡುತ್ತಾ ‘ಕರೆದೆಯಾ? ಕರೆದೆಯಾ?’ ಎಂದು ಕೇಳುತ್ತಲೇ ಇರುವುದು. ಇನ್ನೊಂದು, ಹಾಯಾಗಿ ಮಲಗಿದ್ದು, ಕರೆ ಬಂದಾಗ ಮಾತ್ರ ಏಳುವುದು. ಮೊದಲನೆಯದಕ್ಕೆ ದಣಿವು ಜಾಸ್ತಿ, ಬ್ಯಾಟರಿ ಬೇಗ ಖಾಲಿ. "ನಮ್ಮದು ಎರಡನೇ ಜಾತಿ," ಎಂದು ಅವನು ಮೈಮುರಿಯುತ್ತಿದ್ದ, "ನನ್ನ ಹಾಗೆ." ಒಂದೇ ಚಿಪ್ಪಿನೊಳಗೆ ಹಲವು ಕೆಲಸಗಳು ಒಟ್ಟೊಟ್ಟಿಗೆ ನಡೆಯಬೇಕಲ್ಲ, ಅವುಗಳಲ್ಲಿ ಒಂದೊಂದನ್ನೂ ಅವರಿಬ್ಬರೂ ಕಾಲೇಜಿನ ದಿನಗಳಿಂದ ‘ಎಳೆ’ ಎಂದೇ ಕರೆಯುತ್ತಿದ್ದರು. ಎಳೆಗಳಿಗೆ ಹೆಸರಿಡಬೇಕು. ಬೇರೆಯವರು ಒಂದು, ಎರಡು ಎಂದಿಡುತ್ತಾರೆ. ಅವನು ಮನೆಮಂದಿಯನ್ನೆಲ್ಲ ತಂದು ಕೂರಿಸಿದ್ದ.

ಕರೆ ಬಂದರೆ ಎದ್ದು ಗಂಟೆ ಹೊಡೆಯುವ ಎಳೆಯ ಹೆಸರು ‘ಸೊಸೆ’. ಮಲಗಿದ್ದರೂ ನಡುನಡುವೆ ತಾನಾಗಿಯೇ ಎದ್ದು, ಕರೆಂಟಿದೆಯೇ, ಬ್ಯಾಟರಿ ಇಳಿದಿದೆಯೇ ಎಂದು ಮನೆಯೆಲ್ಲ ಒಂದು ಸುತ್ತು ಹಾಕಿ ಮತ್ತೆ ಮಲಗುವವಳು ‘ಅತ್ತೆ’. ಯಾವ ಗುಂಡಿ ಯಾವಾಗ ಒತ್ತಿದರು ಎಂದು ಕಂಡದ್ದನ್ನೆಲ್ಲ ಬರೆದಿಟ್ಟು, ಕೇಳಿದವರಿಗೆ ಒಪ್ಪಿಸುವವಳು ‘ನಾದಿನಿ’. ಅವನ ಪ್ರೋಗ್ರಾಮನ್ನು ಮೊದಲ ಸಲ ಓದಿದಾಗ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. "ಅಮ್ಮನ ಹತ್ರ ಹೇಳಿಬಿಟ್ಟೀಯ," ಎಂದು ಅವನು ಹೆದರಿದಂತೆ ನಟಿಸಿದ್ದ. "ನನ್ನ ಊಟಕ್ಕೆ ಕಲ್ಲು ಬೀಳುತ್ತೆ."

ಈಗ ಅದೇ ಸಾಲುಗಳನ್ನು ಓದುವಾಗ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಒಂದು ವರ್ಷದಿಂದ ಅವಳಿಗೆ ಏನೂ ಬರುತ್ತಿರಲಿಲ್ಲ. ಒಲೆ ತಾಗಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು, ಅಷ್ಟೇ. ಸುಟ್ಟದ್ದು ಆಮೇಲೆ ಯಾವಾಗಲೋ, ಬೊಬ್ಬೆ ಕಂಡಾಗ ಗೊತ್ತಾಗುತ್ತಿತ್ತು.

ಎರಡು ಸಂಖ್ಯೆಗಳು ಜೋಡಿಯಾಗಿ ಹತ್ತಿದವೆಂದರೆ, ನಾಲ್ಕನೆಯವನ ಕರೆ ಯಂತ್ರದೊಳಗೆ ಬಂದಿತ್ತು. ನಾದಿನಿ ಬರೆದುಕೊಂಡೂ ಇದ್ದಳು. ಏಳಬೇಕಾದವಳು ಮಾತ್ರ ಎದ್ದಿರಲಿಲ್ಲ. ಏಳನೆಯವರು ಒತ್ತಿದಾಗ ಎದ್ದವಳು ಬಾಕಿ ಬಿದ್ದ ನಾಲ್ಕನ್ನೂ ಕಂಡು ಎರಡಕ್ಕೂ ಸೇರಿಸಿ ಗಂಟೆ ಹೊಡೆದಿದ್ದಳು. ಯಾಕೆ ಏಳಲಿಲ್ಲ? ಅವಳು ಗಂಡನ ಸಾಲುಗಳ ಮೇಲೆ ಬೆರಳಿಟ್ಟುಕೊಂಡು ನಿಧಾನವಾಗಿ ಇಳಿದಳು. ಕೊನೆಗೆ ಒಂದು ಕಡೆ ಬೆರಳು ನಿಂತಿತು. ಸೊಸೆ ಮತ್ತು ಅತ್ತೆ, ಇಬ್ಬರನ್ನೂ ಅವನು ಒಂದೇ ಬಾಗಿಲ ಹಿಂದೆ ಸಾಲಾಗಿ ಮಲಗಿಸಿದ್ದ. ಬಾಗಿಲು ತಟ್ಟಿದರೆ ಸಾಲಿನಲ್ಲಿ ಮುಂದಿರುವ ಒಬ್ಬರಿಗೆ ಮಾತ್ರ ಎಚ್ಚರವಾಗುತ್ತದೆ. ‘ಒಬ್ಬರನ್ನು ಎಬ್ಬಿಸು.’ ಸಾಮಾನ್ಯವಾಗಿ ಮುಂದಿರುವವಳು ಸೊಸೆಯೇ, ಏಕೆಂದರೆ ಅತ್ತೆ ಸುತ್ತು ಹಾಕಿ ಬಂದು ಪ್ರತಿಸಲವೂ ಹಿಂದೆ ಮಲಗುತ್ತಾಳೆ. ಆದರೆ ಸೊಸೆ ಒಂದು ಕರೆಯನ್ನು ಮುಗಿಸಿ ಆಗಷ್ಟೇ ಬಂದು ಮಲಗಿದ್ದರೆ, ಅತ್ತೆಯ ಮುಂದಿನ ಸುತ್ತಿನವರೆಗೆ ಅವಳು ಅತ್ತೆಯ ಹಿಂದೆ. ಆ ನಡುವೆ ಕರೆ ಬಂದರೆ ಎಚ್ಚರವಾಗುವುದು ಅತ್ತೆಗೆ. ಅತ್ತೆ ಕಣ್ಣು ಬಿಟ್ಟು ನೋಡುತ್ತಾಳೆ. ಕರೆಂಟಿದೆ, ಬ್ಯಾಟರಿ ಇದೆ. ತನ್ನ ಕೆಲಸವಲ್ಲ. ಮತ್ತೆ ಮಲಗುತ್ತಾಳೆ.

ಹನ್ನೊಂದನೆಯವರ ಗುಂಡಿ ಒತ್ತಿದಳು. ಗಂಟೆ ಹೊಡೆಯಿತು. ಅದನ್ನು ಆರಿಸಿದಳು. ಕೂಡಲೇ ನಾಲ್ಕನ್ನು ಒತ್ತಿದಳು.

ಏನೂ ಆಗಲಿಲ್ಲ.

ಸೋಲ್ಡರಕ್ಕ ಕಡ್ಡಿ ಹಿಡಿದ ಕೈಯನ್ನು ಹಾಗೇ ಗಾಳಿಯಲ್ಲಿ ನಿಲ್ಲಿಸಿ ಇತ್ತ ನೋಡಿದಳು. ಫ್ಯಾನಿನ ಸದ್ದು ಮಾತ್ರ ಕೇಳುತ್ತಿತ್ತು.

"ಇನ್ನೊಂದ್ಸಲ ಒತ್ತೇ," ಎಂದಳು.

ಒತ್ತಿದಳು. ಗಂಟೆ ಹೊಡೆಯಿತು.

"ಎರಡನೇ ಸಲಕ್ಕೆ ಬರುತ್ತೆ," ಎಂದಳು ಅವಳು. "ಅದಕ್ಕೇ ಇಷ್ಟು ದಿನ ಯಾರಿಗೂ ಗೊತ್ತಾಗಿಲ್ಲ. ಎಲ್ಲರೂ ಎರಡೆರಡು ಸಲ ಒತ್ತುತ್ತಾರೆ."

"ಆ ಮುದುಕ?"

"ಒಂದೇ ಸಲ ಒತ್ತಿದಾರೆ."

ಸೋಲ್ಡರಕ್ಕ ಕಡ್ಡಿಯನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಸೆರಗಿನಿಂದ ಮೂಗೊರೆಸಿಕೊಂಡಳು. "ಹೊಗೆ," ಎಂದಳು.

ಕಂಪನಿಯ ಮಾಲೀಕರು ಗಾಜಿನ ಕೋಣೆಯಿಂದ ಬಂದು, ಗಂಟೆ ಹೊಡೆಯದಿರುವುದನ್ನು ಕಣ್ಣಾರೆ ನೋಡಿದರು. ಇನ್ನೊಮ್ಮೆ ತೋರಿಸು ಎಂದರು. ತೋರಿಸಿದಳು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಕೆಟ್ಟ ಮನುಷ್ಯರಲ್ಲ. ಅವಳ ಗಂಡ ಸತ್ತ ದಿನ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಓಡಿ ಬಂದವರು.

"ಹೊಸ ಪ್ರೋಗ್ರಾಮು ಹಾಕಿಬಿಡೋಣ," ಎಂದರು. "ಎಲ್ಲ ಕಡೆ ಹೋಗಿ ಹಾಕಿ ಬರೋಣ, ನಾಳೆಯಿಂದಲೇ. ಹೀಗಾಗಿತ್ತು ಅಂತ ಮಾತ್ರ ಡಂಗುರ ಸಾರೋದು ಬೇಡಮ್ಮ."

"ಆ ಆಯಾ?"

"ಅವಳಿಗೆ ಬೇರೆ ಕಡೆ ಎಲ್ಲಾದ್ರೂ ನಾನೇ ಹೇಳಿ ಕೆಲಸ ಕೊಡಿಸ್ತೀನಿ." ಕನ್ನಡಕ ಹಾಕಿಕೊಂಡರು. "ನೋಡಮ್ಮ, ನನ್ನ ಕಂಪನಿ ಮುಳುಗುತ್ತೆ ಅಂತ ಹೇಳ್ತಿಲ್ಲ. ಮುಳುಗಿದ್ರೆ ಮುಳುಗ್ಲಿ. ಅವನು ಬಿಟ್ಟುಹೋಗಿರೋದು ಇದೊಂದೇ. ಒಂದು ಸಾವು ಅವನ ತಲೆಗೆ ಕಟ್ಟಬೇಕಾ? ಅವನ ತಾಯಿ ಇನ್ನೂ ಇದಾರೆ. ಯೋಚನೆ ಮಾಡು. ಸಂಜೆ ಫೋನ್ ಮಾಡಿ ಹೇಳು."

ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚನೆ ಮಾಡಲು ನೋಡಿದಳು. ಬಸ್ಸಿನ ಕಿಟಕಿಯ ಗಾಜಿನಲ್ಲಿ ಯಾರದೋ ಹಣೆಯ ಎಣ್ಣೆ ಗುರುತು ಮೂಡಿತ್ತು. ಇಳಿಯುವವರೆಗೂ ಅದನ್ನೇ ನೋಡಿದಳು.

ಮನೆಯೆಂದರೆ ಎರಡು ಕೋಣೆ, ನಡುವೆ ಹಜಾರ. ಹಜಾರದ ಕೊನೆಯಲ್ಲಿ ಬಚ್ಚಲುಮನೆಯ ಬಾಗಿಲು. ಬೀದಿ ಕಡೆಯ ಕೋಣೆ ಅತ್ತೆಯದು. ಮಂಡಿ ನೋವಿನವರು, ಮಧ್ಯಾಹ್ನವೆಲ್ಲ ಮಲಗಿಯೇ ಇರುತ್ತಿದ್ದರು. ಅವರ ಕೋಣೆಯ ಗೋಡೆಯ ಮೇಲೆ ಮಗ ಮಾಡಿದ ಮೊದಲ ಗಂಟೆಯಿತ್ತು. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. "ಆಸ್ಪತ್ರೆ ಆಸ್ಪತ್ರೇಲೂ ಇದೇ ಇದೆಯಂತೆ. ಎಷ್ಟು ಜನರ ಜೀವ ಉಳಿಸಿದೆಯೋ." ಅತ್ತೆ, ಸೊಸೆ ಈಗ ಮಾತಾಡುವುದು ಕಡಿಮೆ. ಜಗಳವೂ ಇರಲಿಲ್ಲ. ಊಟಕ್ಕೆ ಬನ್ನಿ, ಮಾತ್ರೆ ತಗೊಂಡ್ರಾ, ಬಾಗಿಲು ಹಾಕಿದೀಯಾ, ಇಷ್ಟರಲ್ಲಿ ದಿನ ಕಳೆಯುತ್ತಿತ್ತು.

ಅವನು ಹೋದದ್ದು ಒಂದು ರಜೆಯ ಮಧ್ಯಾಹ್ನ. ಸ್ನಾನಕ್ಕೆ ಹೋದವನು ಬಚ್ಚಲುಮನೆಯಲ್ಲೇ ಕುಸಿದಿದ್ದ. ಅವಳು ಬಟ್ಟೆ ತರಲು ಮಹಡಿಯ ಮೇಲೆ ಹೋಗಿದ್ದಳು. ಬಿಸಿಲಿಗೆ ಒಣಗಿ ಕಟಕಟ ಎನ್ನುತ್ತಿದ್ದ ಬಟ್ಟೆಗಳನ್ನು ತಂದು, ಹಜಾರದಲ್ಲಿ ಕೂತು ಒಂದೊಂದಾಗಿ ಮಡಚಿದ್ದಳು. ಅವನ ಅಂಗಿಗಳನ್ನೂ ಮಡಚಿದ್ದಳು. ನೀರಿನ ಸದ್ದು ನಿಲ್ಲುತ್ತಲೇ ಇಲ್ಲವಲ್ಲ ಎಂದು ಹೊಳೆದದ್ದು ಆಮೇಲೆ. ಕೂಗಿದ್ದು ನಿಮಗೇನಾದರೂ ಕೇಳಿಸಿತೇ ಎಂದು ಡಾಕ್ಟರು ಅತ್ತೆಯನ್ನು ಕೇಳಿದ್ದರು. ಇಲ್ಲ ಎಂದಿದ್ದರು ಅತ್ತೆ. ಬಂದ ನೆಂಟರು ಒಬ್ಬೊಬ್ಬರಾಗಿ ಕೇಳಿದ್ದರು. ಏನೂ ಕೇಳಿಸಲಿಲ್ಲ ಎಂದಿದ್ದರು.

ಅತ್ತೆಯ ಕೋಣೆಯ ಬಾಗಿಲು ಮುಂದೆ ಮಾಡಿತ್ತು. ಮಲಗಿರಬೇಕೆಂದುಕೊಂಡು ಅವಳು ಅಡುಗೆಮನೆಗೆ ಹೋದಳು. ಚಹಾಕ್ಕೆ ನೀರಿಟ್ಟು, ಮಾಲೀಕರಿಗೆ ಫೋನ್ ಮಾಡಿದಳು.

"ಇಲ್ಲ ಸರ್, ಮುಚ್ಚಿಡೋಕಾಗಲ್ಲ... ಯೋಚನೆ ಮಾಡೇ ಹೇಳ್ತಿರೋದು." ಒಲೆಯ ಮೇಲೆ ನೀರು ಸಣ್ಣಗೆ ಸದ್ದು ಮಾಡುತ್ತಿತ್ತು. ಅತ್ತ ಮಾಲೀಕರು ಮ್ಯಾನೇಜರಿಗೆ ಹೇಳುವುದಾದರೂ ಹೇಗೆ, ನನಗೇ ಸರಿಯಾಗಿ ಅರ್ಥವಾಗಿಲ್ಲ, ಇನ್ನೊಮ್ಮೆ ಬಿಡಿಸಿ ಹೇಳು ಎಂದರು. "ಕರೆದದ್ದು ನಿಜ ಸರ್. ಕರೆದದ್ದು ಅತ್ತೆಗೆ ಕೇಳಿಸಿದೆ. ಎಚ್ಚರ ಆಗಿದೆ. ನನ್ನನ್ನಲ್ಲ ಅಂತ ಮತ್ತೆ ಮಲಗಿದಾಳೆ. ಸೊಸೆಗೆ ಗೊತ್ತೇ ಆಗಿಲ್ಲ... ಹೂಂ. ಇನ್ನೊಂದು ಸಲ ಕರೆದಿದ್ರೆ ಯಾರಾದ್ರೂ ಹೋಗಿರೋರು. ಕರೆದದ್ದೇ ಒಂದು ಸಲ... ಇಲ್ಲ ಸರ್. ನಾಳೆ ಎಲ್ಲರ ಮುಂದೆ ಹೇಳ್ತೀನಿ."

ಫೋನ್ ಇಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಊರುಗೋಲು ತಂದಿರಲಿಲ್ಲ. ಒಂದು ಕೈ ಬಾಗಿಲಿನ ಚೌಕಟ್ಟಿನ ಮೇಲಿತ್ತು.

"ಚಹಾ ಆಗ್ತಿದೆ," ಎಂದಳು.

"ಯಾರು ಹೇಳಿದ್ರು ನಿಂಗೆ?"

"ಏನನ್ನ ಅತ್ತೆ?"

"ಯಾರಿಗೂ ಗೊತ್ತಿಲ್ಲ ಅಂದ್ಕೊಂಡಿದ್ದೆ. ನೀನು ಸುಮ್ನಿರೋದು ನೋಡಿ ಒಂದೊಂದ್ಸಲ ಅನುಮಾನ ಬರ್ತಿತ್ತು. ಇವಳಿಗೆ ಗೊತ್ತು, ಗೊತ್ತಿದ್ದೂ ಬಾಯಿ ಬಿಡ್ತಿಲ್ಲ ಅಂತ." ಅತ್ತೆಯ ದನಿ ಏರಲಿಲ್ಲ. "ಎಲ್ಲರ ಮುಂದೆ ಅಂದ್ರೆ ಯಾರ ಮುಂದೆ? ನೆಂಟರನ್ನೆಲ್ಲ ಸೇರಿಸ್ತೀಯಾ?"

"ಅತ್ತೆ, ಅದು..."

"ಕೇಳಿಸ್ತು ಕಣೇ."

ನೀರು ಕುದಿಯತೊಡಗಿತ್ತು. ಅವಳ ಕೈ ಒಲೆಯ ತಿರುಪಿನ ಕಡೆ ಹೋಗಿ ಅಲ್ಲೇ ನಿಂತಿತು.

"ಕೇಳಿಸಿಲ್ಲ ಅಂತ ಎಲ್ಲರಿಗೂ ಅಂದೆ. ಕೇಳಿಸ್ತು. ಅಮ್ಮ ಅಂದನೋ, ಅಮ್ಮು ಅಂದನೋ. ಬಾಗಿಲು ಹಾಕಿತ್ತು, ನೀರು ಬೇರೆ ಸುರೀತಿತ್ತು. ಅಮ್ಮು ಅಂತಾನೇ ಅಂದ್ಕೊಂಡೆ."

ಅವಳನ್ನು ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ. ಒಂದು ವರ್ಷದಿಂದ ಆ ಹೆಸರನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ.

"ಟವೆಲ್ಲು ಬೇಕಾದ್ರೂ ಅಮ್ಮು, ಸೋಪು ಬೇಕಾದ್ರೂ ಅಮ್ಮು. ನೀನು ಬಂದ ಮೇಲೆ ಈ ಮನೇಲಿ ನನ್ನನ್ನ ಕೂಗಿ ಕರೆದೋರು ಯಾರು? ಅವಳನ್ನ ತಾನೆ ಕರೀತಿರೋದು, ಅವಳೇ ಹೋಗ್ಲಿ ಅಂತ..." ಅತ್ತೆ ಚೌಕಟ್ಟಿನ ಮೇಲಿನ ಕೈಯನ್ನು ನೋಡಿಕೊಂಡರು. "ಗೋಡೆ ಕಡೆ ಹೊರಳಿ ಮಲಗಿದೆ. ಮಹಡಿ ಮೇಲೆ ಹೋಗಿದೀಯ ಅಂತ ನಂಗೇನು ಗೊತ್ತು? ಇನ್ನೊಂದು ಸಲ ಕರೆದಿದ್ರೆ ಎದ್ದು ಹೋಗ್ತಿದ್ದೆ. ಮಂಡಿ ಮುರಿದು ಹೋದ್ರೂ ಹೋಗ್ತಿದ್ದೆ. ಕಿವಿ ಕೊಟ್ಟು ಕಾದೆ. ಕರೀಲಿಲ್ಲ."

ನೀರು ಉಕ್ಕಿ ಒಲೆ ಆರಿತು. ಅವಳು ತಿರುಪನ್ನು ಮುಚ್ಚಿದಳು. ಚೆಲ್ಲಿದ ನೀರು ಕಟ್ಟೆಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಒರೆಸುವ ಬಟ್ಟೆ ಕೈಗೆಟಕುವಲ್ಲೇ ಇದ್ದರೂ ಅವಳು ತೆಗೆದುಕೊಳ್ಳಲಿಲ್ಲ.

"ನಾಳೆ ಹೇಳೋದು ನಿಮ್ಮ ವಿಷಯ ಅಲ್ಲ ಅತ್ತೆ," ಎಂದಳು. "ಕೆಲಸದ್ದು. ಆ ಗಂಟೆ ಯಂತ್ರದ್ದು."

"ಅತ್ತೆ ಸೊಸೆ ಅಂದೆಯಲ್ಲ."

"ಅದರೊಳಗೆ ಒಂದೊಂದು ಕೆಲಸಕ್ಕೆ ಒಂದೊಂದು ಹೆಸರಿದೆ. ಅವರು ಇಟ್ಟದ್ದು."

ಅತ್ತೆ ಅವಳನ್ನೇ ನೋಡಿದರು. ಮಾತು ಒಳಗಿಳಿಯಲು ಹೊತ್ತು ಹಿಡಿಯಿತು. ಇಳಿದದ್ದು ಮುಖದಲ್ಲಿ ಕಂಡಿತು. ಕೊಟ್ಟದ್ದನ್ನು ವಾಪಸ್ ಇಸಿದುಕೊಳ್ಳಲು ಬಂದವರಂತೆ ಅವರ ಇನ್ನೊಂದು ಕೈ ತುಸು ಮುಂದೆ ಬಂದು, ಹಾಗೇ ಕೆಳಗಿಳಿಯಿತು.

"ಅತ್ತೆ ಅಂತ ನನ್ನನ್ನೇ ಇಟ್ಟಿದ್ನಾ?"

"ಹೂಂ."

"ಏನು ಕೆಲಸ ಅವಳಿಗೆ?"

"ಮನೆ ಮೇಲೆ ಕಣ್ಣಿಟ್ಟಿರೋದು. ಯಾರು ಮಲಗಿದ್ರೂ ಅವಳು ಆಗಾಗ ಎದ್ದು ಎಲ್ಲ ಸರಿಯಿದೆಯಾ ಅಂತ ನೋಡ್ತಾಳೆ. ಅವಳಿಲ್ಲದೆ ಮನೆ ನಡೆಯಲ್ಲ ಅನ್ನೋರು."

ಅತ್ತೆ ತಲೆಯಾಡಿಸಿದರು. ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಚಹಾ ಮಾಡಿ ತೆಗೆದುಕೊಂಡು ಹೋದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಲೋಟವನ್ನು ಸ್ಟೂಲಿನ ಮೇಲಿಟ್ಟು ಬಂದಳು. ಊಟದ ಹೊತ್ತಿಗೆ ಅದು ಕೆನೆಗಟ್ಟಿ ಹಾಗೇ ಇತ್ತು.

ಮರುದಿನ ನರ್ಸಿಂಗ್ ಹೋಮಿನ ಮ್ಯಾನೇಜರನ ಕೋಣೆಯಲ್ಲಿ ಅವಳು ಬೋರ್ಡನ್ನು ಮೇಜಿನ ಮೇಲಿಟ್ಟು, ಹನ್ನೊಂದನ್ನು ಒತ್ತಿ, ಆರಿಸಿ, ನಾಲ್ಕನ್ನು ಒತ್ತಿ ತೋರಿಸಿದಳು. ಅತ್ತೆ, ಸೊಸೆ ಎನ್ನಲಿಲ್ಲ. ಮೊದಲನೇ ಎಳೆ, ಎರಡನೇ ಎಳೆ ಎಂದಳು. ಮುದುಕನ ಮಗಳು ಕಿಟಕಿಯ ಪಕ್ಕ ಕೂತಿದ್ದಳು. ಹೊಡೆಯದ ಗಂಟೆಯನ್ನು ಅವಳು ನೋಡುತ್ತಲೇ ಇದ್ದಳು.

"ಹಾಗಾದ್ರೆ ತಪ್ಪು ಯಾರದ್ದು?" ಎಂದ ಮ್ಯಾನೇಜರ್.

"ಬರೆದವರದ್ದು."

"ಬರೆದವರು ಯಾರು? ಅವರನ್ನ ಕರೆಸಿ ಮಾತಾಡ್ಸಿ."

ಮಾಲೀಕರು ಕೆಮ್ಮಿದರು. "ನನ್ನ ಗಂಡ," ಎಂದಳು ಅವಳು. "ಈಗಿಲ್ಲ. ಬರೆದದ್ದನ್ನ ಪರೀಕ್ಷೆ ಮಾಡಿದ್ದು ನಾನು. ನಾನೂ ಎರಡೆರಡು ಸಲ ಒತ್ತಿದ್ದೆ."

ಮುದುಕನ ಮಗಳು ಎದ್ದು ಬಂದು, ಮೇಜಿನ ಮೇಲಿದ್ದ ನಾಲ್ಕನೇ ಗುಂಡಿಯನ್ನು ಬೆರಳ ತುದಿಯಿಂದ ಮುಟ್ಟಿದಳು. ಒತ್ತಲಿಲ್ಲ. ಹೊರಗೆ ಹೋದಳು.

ಆಯಾಳನ್ನು ಮತ್ತೆ ಕೆಲಸಕ್ಕೆ ಬಾ ಎಂದರು. ಗಂಟೆ ಯಂತ್ರಗಳನ್ನು ಕಳಚಿಕೊಂಡು ಹೋಗಿ ಎಂದು ಮಾಲೀಕರಿಗೆ ಹೇಳಿದರು. ಮೆಟ್ಟಿಲ ಬಳಿ ಆಯಾ ಅವಳಿಗಾಗಿ ಕಾಯುತ್ತಾ ನಿಂತಿದ್ದಳು.

"ನಿಮ್ಮ ಯಜಮಾನ್ರು ಮಾಡಿದ್ದು ಅಂತ ನಂಗೆ ಗೊತ್ತಿರ್ಲಿಲ್ಲ ಮೇಡಮ್ಮ."

"ಗೊತ್ತಿದ್ರೆ?"

ಆಯಾ ಯೋಚಿಸಿದಳು. "ಗೊತ್ತಿದ್ರೂ ಬಂದು ಕೇಳ್ತಿದ್ದೆ," ಎಂದಳು. "ಆ ಸ್ಟೂಲಿನ ಮೇಲೆ ಕೂರ್ತಿರ್ಲಿಲ್ಲ, ನಿಂತ್ಕೊಂಡು ಕೇಳ್ತಿದ್ದೆ." ಆಮೇಲೆ ಚೀಲವನ್ನು ಹೆಗಲಿಗೇರಿಸಿ ವಾರ್ಡಿನ ಕಡೆ ನಡೆದಳು.

ವರ್ಕ್‌ಶಾಪಿಗೆ ಬಂದು ಅವಳು ಆ ಸಾಲನ್ನು ತೆರೆದಳು. ‘ಒಬ್ಬರನ್ನು’ ಎಂಬಲ್ಲಿ ‘ಎಲ್ಲರನ್ನೂ’ ಎಂದು ತಿದ್ದಬೇಕು, ಅಷ್ಟೇ. ಸೋಲ್ಡರಕ್ಕ ಹಿಂದೆ ಬಂದು ನಿಂತಿದ್ದಳು. "ಇಷ್ಟೇನಾ?" ಎಂದಳು.

"ಇಷ್ಟೇ."

ಎರಡು ಸಣ್ಣ ದೀಪಗಳನ್ನು ಬೋರ್ಡಿಗೆ ಸೇರಿಸಿಕೊಡು ಎಂದು ಸೋಲ್ಡರಕ್ಕನನ್ನು ಕೇಳಿದಳು. ಹಸಿರು ಸೊಸೆಗೆ, ಹಳದಿ ಅತ್ತೆಗೆ, ಯಾರಿಗೆ ಎಚ್ಚರವಾಯಿತೆಂದು ಕಾಣಲಿ ಎಂದು. ಹನ್ನೊಂದು ಒತ್ತಿ, ಆರಿಸಿ, ನಾಲ್ಕು ಒತ್ತಿದಳು. ಎರಡೂ ದೀಪ ಹತ್ತಿದವು. ಹಳದಿ ಒಂದು ಕ್ಷಣವಿದ್ದು ಆರಿತು. ಹಸಿರು ಹಾಗೇ ಉಳಿದು, ಗಂಟೆ ಹೊಡೆಯಿತು. ಸೋಲ್ಡರಕ್ಕ ಈ ಸಲ ಸಾಕು ಮಾಡು ಎನ್ನಲಿಲ್ಲ. ಅವಳು ಎಷ್ಟೋ ಹೊತ್ತು ಒತ್ತುತ್ತಲೇ ಇದ್ದಳು.

ಮನೆಗೆ ಬಂದಾಗ ಬೆಳಕು ಕಂದುತ್ತಿತ್ತು. ಅತ್ತೆಯ ಕೋಣೆಯ ಬಾಗಿಲು ಮುಚ್ಚಿತ್ತು. ಗೋಡೆಯ ಮೇಲಿನ ಗಂಟೆಯನ್ನು ಕಳಚಿ ಹಜಾರದ ಮೇಜಿನ ಮೇಲಿಟ್ಟಿದ್ದರು. ತಂತಿಯನ್ನು ನೀಟಾಗಿ ಸುತ್ತಿ, ತುದಿಗೆ ದಾರ ಕಟ್ಟಿದ್ದರು. ಅವಳು ಅದನ್ನು ಮುಟ್ಟದೆ ತನ್ನ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. ಚಪ್ಪಲಿ ಕಾಲಲ್ಲೇ ಇತ್ತು. ಹಜಾರದಾಚೆ ಅತ್ತೆಯ ಮಂಚ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು.

ಬೀದಿಯಲ್ಲಿ ಯಾವುದೋ ಮಗು ಕೂಗಿತು.

"ಅಮ್ಮಾ!"

ಅವಳು ಎದ್ದು ಬಾಗಿಲು ತೆರೆದಳು. ಅದೇ ಹೊತ್ತಿಗೆ ಎದುರಿನ ಬಾಗಿಲೂ ತೆರೆಯಿತು. ಅತ್ತೆ ಹೊಸಿಲಲ್ಲಿ ನಿಂತಿದ್ದರು, ಊರುಗೋಲಿಲ್ಲದೆ, ಕೂದಲು ಕೆದರಿಕೊಂಡು. ಹಜಾರದಲ್ಲಿ ಯಾರೂ ಇನ್ನೂ ದೀಪ ಹಾಕಿರಲಿಲ್ಲ. ಇಬ್ಬರೂ ನಿಂತಲ್ಲಿಂದಲೇ ಬಚ್ಚಲುಮನೆಯ ಕಡೆ ನೋಡಿದರು.

ಹೊರಗೆ ಪಕ್ಕದ ಮನೆಯಿಂದ ಯಾರೋ "ಬಂದೇ" ಎಂದರು.